ಮುಂಗಾರಿಗೂ ಮೊದಲೇ ಬೆಚ್ಚಗಾಗುವ ಮನೆ

ಏಪ್ರಿಲ್ ಬಿಸಿಲಿಗೆ ಮಾಳಿಗೆಯ ಮೇಲೆ ಹಳೆಯ ಸೀರೆ ಹಾಸಿ ಒಣಮೆಣಸಿನಕಾಯಿ ಹರವಿದರೆಂದರೆ, ದಿಗ್ಗೇವಾಡಿ ಸೀಮೆಯಲ್ಲಿ ಮಳೆಗಾಲದ ಅಡುಗೆ ಶುರುವಾಯಿತೆಂದೇ ತಿಳಿಯಬೇಕು. ಮಳೆ ಬರಲು ಇನ್ನೂ ಎರಡು ತಿಂಗಳಿರುತ್ತದೆ. ಆದರೆ ಆಷಾಢದ ಜಿಟಿಜಿಟಿಯಲ್ಲಿ ಕಟ್ಟಿಗೆ ಹಸಿಯಾಗಿ, ಸಂತೆಯ ಕಾಯಿಪಲ್ಯ ಕೈಗೆಟುಕದಂತಾಗಿ, ಹೊಲದಿಂದ ತೊಯ್ದು ಬಂದವರಿಗೆ ಬಿಸಿಯಾದದ್ದೇನಾದರೂ ಬೇಕೆನಿಸುವ ಆ ಸಂಜೆಗೆ ಏನಿರಬೇಕು ಎಂಬುದು ಇಲ್ಲಿ ಬೇಸಿಗೆಯಲ್ಲಿಯೇ ತೀರ್ಮಾನವಾಗುತ್ತದೆ.

ದಿಗ್ಗೇವಾಡಿ ಬೆಳಗಾವಿ ಜಿಲ್ಲೆಯ ರಾಯಬಾಗ ತಾಲ್ಲೂಕಿನ, ಕೃಷ್ಣಾ ನದಿಯ ದಂಡೆಯ ಊರು. ಸುತ್ತ ಜಲಾಲಪುರ, ಚಿಂಚಲಿ, ಕುಡಚಿ. ಹೊಳೆಯ ಆಚೆಗೆ ಕಾಗವಾಡ, ಅಥಣಿ; ಪಡುವಣಕ್ಕೆ ಚಿಕ್ಕೋಡಿ, ನಿಪ್ಪಾಣಿ. ಇನ್ನೊಂದಿಷ್ಟು ದೂರ ಹೋದರೆ ಮಿರಜ, ಸಾಂಗ್ಲಿ. ಕನ್ನಡ ಮರಾಠಿಗಳೆರಡೂ ಒಂದೇ ಕಟ್ಟೆಯ ಮೇಲೆ ಕೂತು ಮಾತಾಡುವ ಈ ಭಾಗದಲ್ಲಿ ಝುಣಕ ಯಾರದು, ಕಟ್ಟಿನ ಸಾರು ಯಾರದು ಎಂದು ಯಾರೂ ಕೇಳುವುದಿಲ್ಲ. ಒಲೆ ಹೊತ್ತಿದ ಮನೆಯವರದು, ಅಷ್ಟೇ.

ಮನೆ ಬೆಚ್ಚಗಿರಬೇಕು, ಬಂದವರಿಗೆ ಹಿತವೆನಿಸಬೇಕು ಎಂದಾಗ ಇಂದು ನಮ್ಮ ಕಣ್ಣಮುಂದೆ ಬರುವುದು ಹಳದಿ ದೀಪ, ಮೆತ್ತನೆಯ ದಿಂಬು, ಹೊಸ ಪರದೆ. ಇವೆಲ್ಲ ಒಂದೇ ದಿನದಲ್ಲಿ ಕೊಂಡು ತರಬಹುದಾದ ವಸ್ತುಗಳು. ಕೃಷ್ಣೆಯ ದಂಡೆಯ ಮನೆಗಳು ಹೇಳುವುದು ಬೇರೆ. ಮನೆಯ ನೆಮ್ಮದಿ ಎಂದರೆ ಯಾರೋ, ಯಾವಾಗಲೋ, ಮೊದಲೇ ಮಾಡಿಟ್ಟ ಕೆಲಸ. ಡಬ್ಬಿಯ ಖಾರ, ಬುಟ್ಟಿಯ ರೊಟ್ಟಿ, ಮೂಲೆಯಲ್ಲಿ ಮಡಿಸಿಟ್ಟ ಕೌದಿ, ಇವೆಲ್ಲ ಹೋದ ಋತುವಿನ ದುಡಿಮೆ ಈ ಋತುವಿಗೆ ಬಂದು ಒದಗಿದ ರೂಪಗಳು. ಆ ದುಡಿಮೆ ಯಾರದು ಎಂಬುದನ್ನು ಗುರುತಿಸದೆ ಬೆಚ್ಚಗಿನ ಮನೆಯ ಮಾತಾಡುವುದು ನ್ಯಾಯವಲ್ಲ.

ವರ್ಷದ ಖಾರ

ಬೇಸಿಗೆಯ ಕೆಲಸಗಳಲ್ಲಿ ದೊಡ್ಡದು ಮಸಾಲೆ ಖಾರ. ಬಣ್ಣಕ್ಕೆ ಬ್ಯಾಡಗಿ, ಖಾರಕ್ಕೆ ಗುಂಟೂರು. ಹುಕ್ಕೇರಿ ತಾಲ್ಲೂಕಿನ ಸಂಕೇಶ್ವರದ ಹೆಸರು ಹೊತ್ತ ಮೆಣಸಿನಕಾಯಿ ಸಿಕ್ಕರೆ ಮನೆಯ ಹಿರಿಯಳಿಗೆ ಸಮಾಧಾನ. ಯಾವುದು ಎಷ್ಟು ಎಂಬುದು ಮನೆಮನೆಗೂ ಬೇರೆ. ತೊಟ್ಟು ಬಿಡಿಸಿ, ಗರಿಗರಿ ಒಣಗಿಸಿ, ಎಣ್ಣೆಯಲ್ಲಿ ಹದವಾಗಿ ಹುರಿಯುತ್ತಾರೆ. ಕೊತ್ತಂಬರಿ ಬೀಜ, ಜೀರಿಗೆ, ಎಳ್ಳು, ಒಣಕೊಬ್ಬರಿ, ಲವಂಗ, ದಾಲ್ಚಿನ್ನಿ ಬೇರೆಬೇರೆಯಾಗಿ ಹುರಿದುಕೊಳ್ಳಬೇಕು; ಒಂದೊಂದಕ್ಕೂ ಕೆಂಪಾಗುವ ಹೊತ್ತು ಬೇರೆ. ಕೊನೆಗೆ ಈರುಳ್ಳಿ, ಬೆಳ್ಳುಳ್ಳಿ. ಕೊಲ್ಹಾಪುರದ ಕಡೆ ಕಾಂದಾ-ಲಸೂಣ ಮಸಾಲೆ ಎಂದು ಹೆಸರಾದದ್ದು ಇದರ ಸೋದರಿಯೇ.

ಈರುಳ್ಳಿಯಲ್ಲಿ ಒಂದಿಷ್ಟು ಹಸಿ ಉಳಿದರೂ ಖಾರಕ್ಕೆ ಬೂಸಲು ಬರುತ್ತದೆ. ಅದಕ್ಕೇ ತೆಳ್ಳಗೆ ಹೆಚ್ಚಿದ ಈರುಳ್ಳಿಯನ್ನು ಮೊದಲು ಬಿಸಿಲಿಗೆ ಒಣಗಿಸಿ, ಆಮೇಲೆ ನೀರಿನಂಶ ಪೂರ್ತಿ ಹೋಗುವವರೆಗೆ ಹುರಿಯುವುದು. ನೀರಿಲ್ಲದ ಕಡೆ ಬೂಸಲು ಬೆಳೆಯದು, ಉಪ್ಪು ಎಣ್ಣೆಗಳು ಉಳಿದ ಕಾವಲು ಕಾಯುತ್ತವೆ ಎಂಬುದು ಪುಸ್ತಕ ಓದದವರಿಗೂ ಇಲ್ಲಿ ಗೊತ್ತು. ಹಿಂದೆ ಒರಳಿನಲ್ಲಿ ಒನಕೆಯಿಂದ ಕುಟ್ಟುತ್ತಿದ್ದರು. ಈಗ ಖಾರ ಕುಟ್ಟುವ ಗಿರಣಿಯ ಮುಂದೆ ಪಾಳಿ ಹಚ್ಚುತ್ತಾರೆ. ಹುರಿಯುವ ಘಾಟಿಗೆ ಓಣಿಯೆಲ್ಲ ಕೆಮ್ಮುತ್ತದೆ, ಯಾರೂ ದೂರುವುದಿಲ್ಲ. ನಾಳೆ ಅವರ ಮನೆಯಲ್ಲಿಯೂ ಇದೇ ಕೆಲಸವಿರುತ್ತದೆ.

ಖಾರದ ಬೆನ್ನಿಗೇ ಶಾವಿಗೆ, ಹಪ್ಪಳ, ಸಂಡಿಗೆ. ಗೋಧಿ ಹಿಟ್ಟನ್ನು ನಾದಿ, ಕುಟ್ಟಿ ಹದಗೊಳಿಸಿ, ಶಾವಿಗೆ ಮಣೆಯ ಮೇಲೆ ಹೊಸೆದು ಎಳೆ ತೆಗೆದು, ಬಿದಿರ ಕೋಲಿಗೆ ಇಳಿಬಿಟ್ಟು ಒಣಗಿಸುವುದು ಒಬ್ಬಳಿಂದ ಆಗುವ ಕೆಲಸವಲ್ಲ. ಇವತ್ತು ನಿಮ್ಮನೆ, ನಾಳೆ ನಮ್ಮನೆ ಎಂಬ ಮುಯ್ಯಿಯ ಲೆಕ್ಕದಲ್ಲಿ ನಡೆಯುತ್ತದೆ. ಕೈ ಹೊಸೆಯುತ್ತಿರುವಾಗ ಬಾಯಿಗೆ ಬಿಡುವು. ಮಗಳ ಸಂಬಂಧ, ಸೊಸೆಯ ಬಾಣಂತನ, ಸಾಲದ ಕಂತು, ಎಲ್ಲವೂ ಅಲ್ಲಿಯೇ ಬಗೆಹರಿಯುತ್ತದೆ. ಮುಂದೆ ಯಾವಾಗಲೋ ಅಳಿಯ ಬಂದನೆಂದು ಆ ಶಾವಿಗೆಯನ್ನು ಬಸಿದು, ತುಪ್ಪ ಬೆಲ್ಲ ಹಾಕಿ ಬಡಿಸಿದಾಗ ಅದರಲ್ಲಿ ಓಣಿಯ ಹತ್ತು ಕೈಗಳ ಪಾಲಿರುತ್ತದೆ.

ದಿನದ ರೊಟ್ಟಿ

ಸಂಗ್ರಹದ ಅಡುಗೆ ವರ್ಷಕ್ಕಾದರೆ, ರೊಟ್ಟಿ ದಿನಕ್ಕೆ. ಈ ಭಾಗದ ಮನೆಗಳಲ್ಲಿ ಬೆಳಗಾಗುವುದು ಕೈಬಳೆಗಳ ನಾದದ ಜೊತೆಗೇ ಕೇಳುವ ರೊಟ್ಟಿ ಬಡಿತದಿಂದ.

ಜೋಳದ ಹಿಟ್ಟಿನಲ್ಲಿ ಗೋಧಿಯಲ್ಲಿರುವಂಥ ಅಂಟು ಇಲ್ಲ. ಅದಕ್ಕೇ ಕುದಿಯುವ ನೀರು ಬೇಕು. ಪರಾತದಲ್ಲಿನ ಹಿಟ್ಟಿಗೆ ಕುದಿನೀರು ಬಿದ್ದಾಗ ಪಿಷ್ಟ ಅರಳಿ, ಜಿಗುಟಾಗಿ, ಹಿಟ್ಟನ್ನು ಹಿಡಿದಿಡುತ್ತದೆ. ನೀರು ಆರಿದ್ದರೆ ಬಡಿಯುವಾಗ ಅಂಚು ಸೀಳುತ್ತದೆ. ಅಂಗೈಯ ಬುಡದಿಂದ ಒತ್ತಿ ನಾದಿದಷ್ಟೂ ಹಿಟ್ಟು ಮೆತ್ತಗಾಗುತ್ತದೆ. ಒಣಹಿಟ್ಟು ಉದುರಿಸಿ, ಸುತ್ತ ತಿರುಗಿಸುತ್ತ ಬಡಿದು, ಕಾದ ಹಂಚಿಗೆ ಹಾಕಿದ ಮೇಲೆ ಅದರ ಮೈಗೆ ಅರಿವೆಯಿಂದ ನೀರು ಸವರುತ್ತಾರೆ. ಆ ನೀರು ಮೇಲ್ಮೈ ಬಿರಿಯದಂತೆ ಕಾಯುತ್ತದೆ. ನೀರು ಆರಿದ ಕೂಡಲೇ ಮಗುಚಿ, ಕಡೆಗೆ ಕೆಂಡದ ಕಡೆ ಮುಖ ಮಾಡಿ ನಿಲ್ಲಿಸಿದರೆ ಒಳಗಿನ ಹಬೆಗೆ ರೊಟ್ಟಿ ಉಬ್ಬುತ್ತದೆ. ಮುಗಿದುಹೋಗುವ ಹೊತ್ತು ಎರಡು ಮೂರು ನಿಮಿಷ. ಕಲಿಯುವುದಕ್ಕೆ ಮಾತ್ರ ವರ್ಷಗಳು ಬೇಕು.

ಹಿಟ್ಟು ಹೊಸದಿರಬೇಕೆಂಬ ಹಟಕ್ಕೂ ಕಾರಣವಿದೆ. ಜೋಳದ ಮೊಳಕೆಯ ಭಾಗದಲ್ಲಿ ಎಣ್ಣೆಯಂಶವಿರುವುದರಿಂದ ಬೀಸಿದ ಹಿಟ್ಟು ಬಹಳ ದಿನ ಇಟ್ಟರೆ ಕಮಟುತ್ತದೆ, ಕಹಿಯಾಗುತ್ತದೆ, ಜಿಗಿ ಕಳೆದುಕೊಳ್ಳುತ್ತದೆ. ಹಾಗಾಗಿ ಗಿರಣಿಗೆ ಹೋಗುವ ಹಿಟ್ಟಿನ ಡಬ್ಬಿ ಇಲ್ಲಿನ ಮಕ್ಕಳ ಬಾಲ್ಯದ ಕಾಯಂ ಕೆಲಸ. ಜೋಳದಲ್ಲಿಯೂ ಮೆಚ್ಚುಗೆ ಹಿಂಗಾರಿಯ ಬಿಳಿಜೋಳಕ್ಕೆ, ಅದರಲ್ಲಿಯೂ ಮಾಲದಂಡಿಗೆ. ಸೊಲ್ಲಾಪುರ ಜಿಲ್ಲೆಯ ಮೊಹೋಳದಲ್ಲಿ 1930ರ ದಶಕದಲ್ಲಿ ಮಾಲದಂಡಿಯಿಂದಲೇ ಆಯ್ದು ರೂಪಿಸಿದ ಎಂ 35-1 ತಳಿ ಇಂದಿಗೂ ಕರ್ನಾಟಕ ಮಹಾರಾಷ್ಟ್ರಗಳ ಎರೆಭೂಮಿಯಲ್ಲಿ ನಿಂತಿದೆ. ಎರೆಮಣ್ಣು ಹಿಡಿದಿಟ್ಟ ತೇವದಿಂದಲೇ ಚಳಿಗಾಲವಿಡೀ ಬೆಳೆದು ಬರುವ ಬೆಳೆ ಅದು.

ಆದರೆ ಹೊಳೆಸಾಲಿನ ಹೊಲಗಳಲ್ಲಿ ಈಗ ಕಬ್ಬೇ ಕಬ್ಬು. ಹೊಳೆಯಾಚೆಯ ಉಗಾರದಲ್ಲಿ ಸಕ್ಕರೆ ಕಂಪನಿ ಹುಟ್ಟಿದ್ದು 1939ರಲ್ಲಿ. ಆಮೇಲಿನ ದಶಕಗಳಲ್ಲಿ ನೀರೆತ್ತುವ ಪಂಪುಗಳು ಬಂದವು, ಕಾರ್ಖಾನೆಗಳು ಹೆಚ್ಚಿದವು. ಕಬ್ಬು ಮನೆಗೆ ದುಡ್ಡು ತಂದಿತು, ಮಕ್ಕಳನ್ನು ಕಾಲೇಜಿಗೆ ಕಳಿಸಿತು. ಅದರ ಜೊತೆಗೇ ಅನೇಕ ರೈತರು ರೊಟ್ಟಿಯ ಜೋಳವನ್ನು ಸಂತೆಯಲ್ಲಿ ಕೊಳ್ಳುವಂತಾಯಿತು. ಆದರೂ ಎಳ್ಳಮಾವಾಸ್ಯೆಯಂದು ಚರಗ ಚೆಲ್ಲಲು ಸಜ್ಜಿ ರೊಟ್ಟಿ, ಕಡುಬು, ಶೇಂಗಾ ಹೋಳಿಗೆ, ಪುಂಡಿಪಲ್ಯದ ಬುತ್ತಿ ಹೊತ್ತು ಹೊಲಕ್ಕೆ ಹೋಗುವ ಸಂಪ್ರದಾಯ ಉಳಿದಿದೆ. ಒಂದೆರಡು ಗುಂಟೆಯಾದರೂ ಮನೆಯ ಜೋಳಕ್ಕೆಂದು ಬಿಟ್ಟುಕೊಂಡ ರೈತನ ಮಕ್ಕಳಿಗೆ ಹಸಿ ಜೋಳದ ಸೀತನಿ ಸುಟ್ಟು ತಿನ್ನುವ ಸುಖವೂ ಉಳಿದಿದೆ. ಆ ಎರಡು ಗುಂಟೆಯನ್ನು ಲಾಭನಷ್ಟದ ಪುಸ್ತಕದಲ್ಲಿ ಬರೆಯುವುದು ಕಷ್ಟ, ಮನೆಯ ಲೆಕ್ಕದಲ್ಲಿ ಅದಕ್ಕೆ ದೊಡ್ಡ ಬೆಲೆಯಿದೆ.

ಬುತ್ತಿ ಎಂಬ ಭರವಸೆ

ತೆಳ್ಳಗೆ ಬಡಿದು, ಹಂಚಿನ ಮೇಲೆಯೇ ನೀರಿನಂಶ ಹೋಗುವವರೆಗೆ ಸುಟ್ಟು, ಆರಿಸಿಟ್ಟ ಕಟಕ ರೊಟ್ಟಿ ವಾರಗಟ್ಟಲೆ ಕೆಡದು. ಬುಟ್ಟಿಯಲ್ಲಿ ಬಟ್ಟೆ ಮುಚ್ಚಿ ಅಟ್ಟದ ಮೇಲಿಟ್ಟರೆ ಅವೇಳೆಗೆ ಯಾರೇ ಬರಲಿ, ಮನೆಯವಳು ಗಾಬರಿಯಾಗುವುದಿಲ್ಲ. ಜೊತೆಗೆ ಗುರೆಳ್ಳು, ಶೇಂಗಾ, ಅಗಸಿ ಚಟ್ನಿಪುಡಿಗಳು. ಇವೆಲ್ಲ ಎಣ್ಣೆಕಾಳುಗಳೇ ಆದ್ದರಿಂದ ಒಣರೊಟ್ಟಿಗೆ ಬೇಕಾದ ಜಿಡ್ಡು, ಹೊಟ್ಟೆಗೆ ಬೇಕಾದ ಕಸುವು ಎರಡನ್ನೂ ಕೊಡುತ್ತವೆ. ಮೇಲೆ ಎಮ್ಮೆಯ ಗಟ್ಟಿ ಮೊಸರು, ಜಜ್ಜಿದ ಉಳ್ಳಾಗಡ್ಡಿ ಇದ್ದರೆ ಅದು ಪೂರ್ತಿ ಊಟ.

ಹೆಸರುಕಾಳು, ಮಡಕಿಕಾಳು, ಹುರಳಿ ಇಲ್ಲದ ಮನೆ ಇಲ್ಲಿ ಅಪರೂಪ. ರಾತ್ರಿ ನೆನೆಸಿ, ಬೆಳಿಗ್ಗೆ ಬಟ್ಟೆಯಲ್ಲಿ ಕಟ್ಟಿ ತೂಗುಹಾಕಿದರೆ ಮಾರನೆಯ ದಿನಕ್ಕೆ ಮೊಳಕೆ. ಒಗ್ಗರಣೆಗೆ ಮನೆಯ ಖಾರ ಒಂದು ಚಮಚ, ಚೂರು ಬೆಲ್ಲ, ಮೇಲೊಂದಿಷ್ಟು ಗುರೆಳ್ಳಿನ ಪುಡಿ. ಏನೂ ಇಲ್ಲದ ದಿನಕ್ಕೆ ಕಡಲೆ ಹಿಟ್ಟಿನ ಝುಣಕವಿದೆ. ಹೋಳಿಗೆಗೆಂದು ಬೇಯಿಸಿದ ಬೇಳೆಯ ನೀರನ್ನೂ ಚೆಲ್ಲದೆ ಹುಣಸೆ, ಖಾರ, ಒಣಕೊಬ್ಬರಿ ಹಾಕಿ ಕಟ್ಟಿನ ಸಾರು ಮಾಡುವ ಅಡುಗೆ ಇದು. ಈ ಸೀಮೆಯ ರುಚಿ ಹುಟ್ಟಿದ್ದು ಏನನ್ನೂ ವ್ಯರ್ಥಮಾಡದ ಎಚ್ಚರದಲ್ಲಿ.

ಇಲ್ಲಿನ ಅಡುಗೆಮನೆಯ ಕೈ ಊರಿನಾಚೆಗೂ ಚಾಚುತ್ತದೆ. ದೊಡ್ಡ ಕಾಯಿಲೆಯೆಂದರೆ ಈ ಭಾಗದವರು ಮೊದಲು ನೆನೆಯುವ ಊರು ಮಿರಜ. ಮಿಷನರಿ ವೈದ್ಯ ವಿಲಿಯಂ ವಾನ್ಲೆಸ್ 1894ರಲ್ಲಿ ಅಲ್ಲಿ ಆಸ್ಪತ್ರೆ ಆರಂಭಿಸಿದಂದಿನಿಂದ ಅದು ಗಡಿಯ ಎರಡೂ ಬದಿಯವರಿಗೆ ವೈದ್ಯದ ಊರಾಗಿದೆ. ಆಸ್ಪತ್ರೆ ಸೇರಿದವರ ಹಿಂದೆಯೇ ರೊಟ್ಟಿ, ಚಟ್ನಿ, ಮೊಸರಿನ ಬುತ್ತಿ ಹೋಗುತ್ತದೆ. ರೋಗಿಗೆ ಅದನ್ನು ತಿನ್ನಲು ಆಗದಿರಬಹುದು. ಹಾಸಿಗೆಯ ಪಕ್ಕ ಕೂತು ರಾತ್ರಿ ಕಳೆಯುವವರಿಗೆ ಆ ಗಂಟು ಬಿಚ್ಚಿದಾಗ ಮನೆಯೇ ಬಂದಂತಾಗುತ್ತದೆ. ಮಾಘದ ಭರತ ಹುಣ್ಣಿಮೆಗೆ ಚಿಂಚಲಿಯ ಮಾಯಕ್ಕದೇವಿಯ ಜಾತ್ರೆಯಲ್ಲಿಯೂ ಇದೇ ದೃಶ್ಯ. ಮಹಾರಾಷ್ಟ್ರದಿಂದ ಎತ್ತಿನ ಗಾಡಿ ಕಟ್ಟಿಕೊಂಡು ಬಂದ ಕುಟುಂಬಗಳು ಭಂಡಾರದ ಹಳದಿಯ ನಡುವೆ ಬಯಲಿನಲ್ಲಿಯೇ ಒಲೆ ಹೂಡಿ ದೇವಿಗೆ ನೈವೇದ್ಯ ಬೇಯಿಸುತ್ತವೆ.

ಕಬ್ಬು ನುರಿಸುವ ಹಂಗಾಮಿನಲ್ಲಿ ಮಹಾರಾಷ್ಟ್ರದ ಬೀಡ ಕಡೆಯಿಂದ, ವಿಜಯಪುರದ ತಾಂಡಾಗಳಿಂದ ಕಬ್ಬು ಕಡಿಯುವ ತಂಡಗಳು ಬಂದು ಹೊಲದಂಚಿನಲ್ಲಿ ಗುಡಿಸಲು ಹಾಕುತ್ತವೆ. ಮೂರು ಕಲ್ಲು, ಕಬ್ಬಿನ ರವದಿಯ ಉರಿ, ಒಂದು ಹಂಚು. ನಸುಕಿನಲ್ಲಿ ಕತ್ತಿ ಹಿಡಿಯುವ ಮೊದಲು ಆ ತಾಯಂದಿರು ಇಡೀ ದಿನದ ರೊಟ್ಟಿ ಬಡಿದಿಡುತ್ತಾರೆ. ನಮ್ಮ ಮನೆಗಳ ಸಕ್ಕರೆಯ ಸಿಹಿಗೆ ಮೂಲವಾದ ಈ ಜನರಿಗೆ ಚಳಿಯಲ್ಲಿ ಬೆಚ್ಚಗಿನ ಸೂರಿಲ್ಲದಿರುವುದು ನಮ್ಮೆಲ್ಲರ ಮನಸ್ಸನ್ನು ಚುಚ್ಚಬೇಕಾದ ಸಂಗತಿ.

ಕೌದಿಯ ಕೆಳಗೆ

ಉಣ್ಣುವುದಾದ ಮೇಲೆ ಮಲಗುವ ಮಾತು. ಉಟ್ಟು ಮೆತ್ತಗಾದ ಇಳಕಲ್ ಸೀರೆ, ಹರಿದ ಧೋತರ, ಮಕ್ಕಳಿಗೆ ಗಿಡ್ಡವಾದ ಅಂಗಿ, ಇವನ್ನೆಲ್ಲ ಪದರು ಪದರಾಗಿ ಹಾಸಿ, ಒತ್ತೊತ್ತಾಗಿ ಓಡುಹೊಲಿಗೆ ಹಾಕಿದರೆ ಕೌದಿ. ಪದರುಗಳ ನಡುವೆ ಸಿಕ್ಕ ಗಾಳಿ ಮೈಯ ಕಾವನ್ನು ಹೊರಗೆ ಬಿಡುವುದಿಲ್ಲ. ಹೊಲಿಗೆ ಒತ್ತಾಗಿರುವುದರಿಂದ ಪದರು ಜರುಗುವುದಿಲ್ಲ. ಒಗೆದಷ್ಟೂ ಮೆತ್ತಗಾಗುತ್ತದೆ. ಉತ್ತರ ಕನ್ನಡದ ಸಿದ್ದಿ ಮಹಿಳೆಯರು ಹೊಲಿಯುವ ಕೌದಿಗಳ ನಾಲ್ಕು ಮೂಲೆಗೂ ಬಟ್ಟೆಯ ಮಡಿಕೆಯ ಹೂವೊಂದು ಇರುತ್ತದೆ. ಅದಿಲ್ಲದೆ ಕೌದಿ ಪೂರ್ತಿಯಾಗದು ಎಂಬುದು ಅವರ ನಂಬಿಕೆ. ಇಂದು ಆ ಕೌದಿಗಳು ದೇಶವಿದೇಶದ ಪ್ರದರ್ಶನಗಳಿಗೆ ಹೋಗಿವೆ. ನಮ್ಮ ಮನೆಗಳ ಮೂಲೆಯಲ್ಲಿ ಮಡಿಸಿಟ್ಟದ್ದೂ ಅಷ್ಟೇ ಗೌರವಕ್ಕೆ ತಕ್ಕದ್ದು. ಅಜ್ಜಿಯ ಸೀರೆಯನ್ನು ಮೊಮ್ಮಗ ಹೊದ್ದು ಮಲಗುವ ಮನೆಗೆ ಬೇರೆ ಅಲಂಕಾರ ಬೇಕಿಲ್ಲ.

ಹೊಳೆ ಬಂದಾಗ

ಕೃಷ್ಣೆ ಕೊಡುವವಳು, ಒಯ್ಯುವವಳೂ ಅವಳೇ. ಸಹ್ಯಾದ್ರಿಯ ಮಳೆ ಜೋರಾಗಿ, ಕೊಯ್ನಾ ಜಲಾಶಯದ ಬಾಗಿಲು ತೆರೆದು, ದೂಧಗಂಗೆ ವೇದಗಂಗೆಗಳೂ ತುಂಬಿ ಬಂದರೆ ಇಲ್ಲಿಯವರು "ಹೊಳಿ ಬಂತು" ಎನ್ನುತ್ತಾರೆ. 2005ರಲ್ಲಿ ಬಂತು, 2019ರ ಆಗಸ್ಟಿನಲ್ಲಿ ಬಂತು, 2021ರ ಜುಲೈನಲ್ಲಿ ಮತ್ತೆ ಬಂತು. 2019ರ ನೆರೆಯಲ್ಲಿ ಚಿಕ್ಕೋಡಿ, ರಾಯಬಾಗ, ಅಥಣಿ, ಕಾಗವಾಡ ಭಾಗದ ನದಿತೀರದ ಜನ ದನಕರು ಹೊಡೆದುಕೊಂಡು ಶಾಲೆಗಳನ್ನು, ಕಾಳಜಿ ಕೇಂದ್ರಗಳನ್ನು ಸೇರಿದರು. ಮಣ್ಣಿನ ಗೋಡೆಯ ಮನೆಗಳು ನೀರಿಳಿದ ಮೇಲೆ ಕುಸಿದವು. ಬೇಸಿಗೆಯಲ್ಲಿ ತಂಪು, ಚಳಿಯಲ್ಲಿ ಬೆಚ್ಚಗೆ ಇಡುತ್ತಿದ್ದ ಅದೇ ದಪ್ಪ ಗೋಡೆಗಳು.

ಆ ವರ್ಷ ಸರ್ಕಾರ ಪೂರ್ತಿ ಬಿದ್ದ ಮನೆಗೆ 5 ಲಕ್ಷ ರೂಪಾಯಿ ಘೋಷಿಸಿತು. ನೀರು ಹೊಕ್ಕ ಮನೆಗಳಿಗೆ ಬಟ್ಟೆಬರೆ, ಪಾತ್ರೆಪಗಡಿಗೆಂದು ತಕ್ಷಣಕ್ಕೆ 10,000 ರೂಪಾಯಿ ಕೊಟ್ಟಿತು. ಹೊದೆಯಲು ಬಟ್ಟೆ, ಬೇಯಿಸಲು ಪಾತ್ರೆ, ಮನೆ ಮತ್ತೆ ಮನೆಯಾಗಲು ಮೊದಲು ಬೇಕಾದದ್ದು ಇವೆರಡೇ ಎಂದು ಆ ಪರಿಹಾರದ ಲೆಕ್ಕವೂ ಒಪ್ಪಿತ್ತು. ಆದರೆ ಕೊಚ್ಚಿಹೋದ ಒಂದು ವರ್ಷದ ಖಾರಕ್ಕೆ, ತೊಯ್ದು ಮೊಳೆತ ಜೋಳದ ಚೀಲಕ್ಕೆ, ಕೆಸರಾದ ಕೌದಿಗಳಿಗೆ ಯಾವ ನಮೂನೆಯಲ್ಲಿಯೂ ಕಲಮು ಇಲ್ಲ. ಅವು ಬೇಸಿಗೆಯೊಂದರ ದುಡಿಮೆ. ಮತ್ತೊಂದು ಬೇಸಿಗೆ ಬಾರದೆ ತುಂಬದ ನಷ್ಟ. ಅಲ್ಲಿಯವರೆಗೆ ಆಸರೆಯಾದದ್ದು ಬೇರೆ ಊರುಗಳ ಅಡುಗೆಮನೆಗಳು. ನೆರೆ ಮುಟ್ಟದ ಊರುಗಳ ಹೆಣ್ಣುಮಕ್ಕಳು ರೊಟ್ಟಿ ಬಡಿದು, ಚಟ್ನಿ ಕುಟ್ಟಿ, ಚೀಲಗಟ್ಟಲೆ ಕಳಿಸಿದರು. ಬೇಯಿಸಲು ಬೆಂಕಿಯಿಲ್ಲದ ಕಡೆ ಕಟಕ ರೊಟ್ಟಿಗಿಂತ ಯೋಗ್ಯವಾದ ಆಹಾರ ಯಾವುದಿದೆ? ನೀರು ಬೇಡ, ಒಲೆ ಬೇಡ, ವಾರವಿದ್ದರೂ ಕೆಡದು. ತಲೆಮಾರುಗಳಿಂದ ಮನೆಯ ಅಟ್ಟದ ಮೇಲಿದ್ದ ಜಾಣ್ಮೆ ಆ ದಿನಗಳಲ್ಲಿ ನಾಡಿನ ಜಾಣ್ಮೆಯಾಗಿ ನಿಂತಿತು.

299 ನಿಮಿಷಗಳ ಲೆಕ್ಕ

ಇಷ್ಟೆಲ್ಲ ಹೇಳಿದ ಮೇಲೆ ಒಂದು ಮಾತನ್ನು ತೇಲಿಸಿಬಿಡುವಂತಿಲ್ಲ. ಈ ಬೆಚ್ಚನೆಯ ಹಿಂದೆ ಹೊಗೆಯಿತ್ತು, ನೋವಿತ್ತು. ಕುಳ್ಳು ಕಟ್ಟಿಗೆಯ ಒಲೆಯ ಮುಂದೆ ಕೂತ ತಾಯಂದಿರ ಕಣ್ಣು, ಶ್ವಾಸಕೋಶಗಳು ಅದರ ಬೆಲೆ ತೆತ್ತಿವೆ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಎ.ಕೆ.ಎನ್. ರೆಡ್ಡಿಯವರು ಕಟ್ಟಿದ ಅಸ್ತ್ರ ಕೇಂದ್ರ ಹೊಗೆ ಕಡಿಮೆಯ ಅಸ್ತ್ರ ಒಲೆಯನ್ನು ಹಳ್ಳಿಗಳಿಗೆ ಕೊಟ್ಟಿತು. 2016ರ ಉಜ್ವಲಾ ಯೋಜನೆಯಿಂದ ಸಿಲಿಂಡರು ಬಡವರ ಮನೆಗೂ ಬಂತು. ರೊಟ್ಟಿಗೆ ಮಾತ್ರ ಕಟ್ಟಿಗೆ ಒಲೆಯೇ ಎಂಬ ಮನೆಗಳು ಇನ್ನೂ ಇವೆ. ರುಚಿಯ ಕಾರಣಕ್ಕಿಂತ ಸಿಲಿಂಡರಿನ ದರವೇ ಅನೇಕ ಕಡೆ ಅದಕ್ಕೆ ಕಾರಣ.

2019ರಲ್ಲಿ ನಡೆದ ರಾಷ್ಟ್ರೀಯ ಸಮಯ ಬಳಕೆ ಸಮೀಕ್ಷೆಯ ಪ್ರಕಾರ ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗುವ ಮಹಿಳೆ ದಿನಕ್ಕೆ ಸರಾಸರಿ 299 ನಿಮಿಷ ದುಡಿಯುತ್ತಿದ್ದಳು, ಗಂಡಸು 97 ನಿಮಿಷ. ಅದೂ ಆ ಕೆಲಸಕ್ಕೆ ಕೈಹಚ್ಚುವ ಗಂಡಸರ ಲೆಕ್ಕ. ಹಾಗೆ ಕೈಹಚ್ಚುತ್ತಿದ್ದವರು ನೂರಕ್ಕೆ 26 ಮಾತ್ರ, ಹೆಂಗಸರು 81. ಹೊಲದ ಕಳೆ, ಹಯನದ ಕೆಲಸ ಮುಗಿಸಿ ಬಂದು ಮತ್ತೆ ಐದು ತಾಸು. ಮನೆ ಬೆಚ್ಚಗಿದೆ ಎಂದು ನಾವು ಕಾಲು ಚಾಚಿ ಕೂತ ಹೊತ್ತಿನಲ್ಲಿ ಒಬ್ಬಳು ಇನ್ನೂ ನಿಂತೇ ಇರುತ್ತಾಳೆ.

ಹಾಗಾಗಿ ರೊಟ್ಟಿ ಮಷಿನ್ ಬಂತೆಂದು, ಸ್ವಸಹಾಯ ಸಂಘದವರು ರೊಟ್ಟಿ ಮಾರುತ್ತಾರೆಂದು ಮರುಗುವ ಅಗತ್ಯವಿಲ್ಲ. ಉತ್ತರ ಕರ್ನಾಟಕದ ಪಟ್ಟಣಗಳಲ್ಲಿ ರೊಟ್ಟಿ ಬಡಿದು ಮಾರಿ ಮಕ್ಕಳನ್ನು ಓದಿಸಿದ ತಾಯಂದಿರಿದ್ದಾರೆ. ಮನೆಯೊಳಗೆ ಬೆಲೆಯಿಲ್ಲದ ಕೆಲಸಕ್ಕೆ ಅಂಗಡಿಯಲ್ಲಿ ಬೆಲೆ ಬಂದದ್ದು ಒಳ್ಳೆಯದೇ. ಪುಣೆ, ಬೆಂಗಳೂರಿನಲ್ಲಿ ನೌಕರಿ ಮಾಡುವ ದಂಪತಿ ಅದೇ ರೊಟ್ಟಿಯ ಪೊಟ್ಟಣ ಕೊಂಡು, ಊರಿನಿಂದ ಬಂದ ಖಾರದ ಡಬ್ಬಿ ತೆರೆದು, ಕಾಳುಪಲ್ಯ ಮಾಡಿಕೊಂಡರೆ ಅದೂ ಮನೆಯೂಟವೇ. ಉಳಿಯಬೇಕಾದದ್ದು ಮುಂದಾಲೋಚನೆ ಮತ್ತು ಕೂಡಿ ಮಾಡುವ ರೂಢಿ. ಒಬ್ಬಳ ಬೆನ್ನುನೋವಿನ ಮೇಲೆ ನಿಂತ ನೆಮ್ಮದಿ ಬಹುಕಾಲ ನಿಲ್ಲದು, ನಿಲ್ಲಲೂ ಬಾರದು.

ಎಲ್ಲಿಂದ ಶುರು

ಮನೆಯನ್ನು ಬೆಚ್ಚಗಿಡಲು ಹೊಸದೇನನ್ನೂ ಕೊಳ್ಳಬೇಕಿಲ್ಲ, ಕೆಲಸವನ್ನು ಹಂಚಿಕೊಳ್ಳಬೇಕು. ಹತ್ತು ವರ್ಷದ ಹುಡುಗನಿಗೂ ರಾತ್ರಿ ಕಾಳು ನೆನೆಹಾಕುವುದು, ಬೆಳಿಗ್ಗೆ ಬಟ್ಟೆ ಕಟ್ಟುವುದು ಬರುತ್ತದೆ. ಶೇಂಗಾ ಹುರಿದು ಸಿಪ್ಪೆ ತೆಗೆದು, ಬೆಳ್ಳುಳ್ಳಿ, ಖಾರ, ಉಪ್ಪು, ಚೂರು ಹುಣಸೆಹಣ್ಣು ಹಾಕಿ ಕುಟ್ಟುವುದು ಗಂಡಸಿಗೆ ಅರ್ಧ ತಾಸಿನ ಕೆಲಸ. ಹದಿನೈದು ದಿನದ ಚಟ್ನಿ ಆಗುತ್ತದೆ. ವಾರಕ್ಕೊಮ್ಮೆ ಹಾಸಿಗೆ ಕೌದಿಗಳನ್ನು ಬಿಸಿಲಿಗೆ ಹಾಕಿ ಕೊಡವುವುದಕ್ಕೆ ತೋಳಿನ ಬಲವಷ್ಟೇ ಸಾಕು. ರೊಟ್ಟಿ ಬಡಿಯಲು ಗಂಡುಮಕ್ಕಳಿಗೂ ಕಲಿಸಬೇಕು. ಮೊದಮೊದಲು ಸೀಳುತ್ತದೆ, ದಪ್ಪವಾಗುತ್ತದೆ, ಅದನ್ನೂ ಹಾಲಿನಲ್ಲಿ ಮುರಿದು ತಿನ್ನಬಹುದು. ಬೇಸಿಗೆ ರಜೆಯಲ್ಲಿ ಊರಿಗೆ ಬರುವ ಮೊಮ್ಮಕ್ಕಳನ್ನು ಮೆಣಸಿನಕಾಯಿ ತೊಟ್ಟು ಬಿಡಿಸಲು, ಶಾವಿಗೆ ಒಣಹಾಕಲು ಕೂರಿಸಿಕೊಂಡರೆ ಹೇಳಿಕೊಡುವುದಕ್ಕೆ ಬೇರೆ ಶಾಲೆ ಬೇಕಾಗದು.

ಹಾಗೆ ಕಲಿತ ಮಗು ಮುಂದೆ ಯಾವ ಊರಲ್ಲಿ ಬಾಡಿಗೆ ಮನೆ ಹಿಡಿದರೂ, ಹೊಳೆ ಬಂದು ಗೋಡೆ ಬಿದ್ದರೂ, ಮನೆಯನ್ನು ಮತ್ತೆ ಕಟ್ಟಿಕೊಳ್ಳಬಲ್ಲದು. ದಿಗ್ಗೇವಾಡಿಯಂಥ ಊರುಗಳ ತಾಯಂದಿರು ನಾಡಿಗೆ ಕೊಟ್ಟಿರುವ ದೊಡ್ಡ ಆಸ್ತಿ ಈ ಕೈಗೆಲಸದ ವಿದ್ಯೆ. ಅದನ್ನು ಹೊಗಳಿ ಸುಮ್ಮನಾಗುವುದಕ್ಕಿಂತ ಕಲಿತುಕೊಂಡು ಅವರ ಪಕ್ಕದಲ್ಲಿ ಕೂತು ದುಡಿಯುವುದೇ ನಾವು ಸಲ್ಲಿಸಬಹುದಾದ ನಿಜವಾದ ಗೌರವ.